ಷಡಕ್ಷರಿಯವರ ಡಬ್ಬಿಯೊಳಗಿನ ದಾರ

ನಮ್ಮ ಪಕ್ಕದ ಮನೆಯ ಷಡಕ್ಷರಿಯವರ ಬಿಳಿ ಶರ್ಟು ನೋಡಿದವರು ಅವರನ್ನು ಯಾವುದೋ ಟ್ರಸ್ಟಿನ ಅಧ್ಯಕ್ಷರೆಂದೇ ತಿಳಿಯುತ್ತಾರೆ. ಅವರು ಯಾವುದರ ಅಧ್ಯಕ್ಷರೂ ಅಲ್ಲ. ಕುಣಿಗಲ್ ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪವಿದೆ, ಅದರ ಮ್ಯಾನೇಜರು. ಬೆಳಗ್ಗೆ ತುಮಕೂರಿನಿಂದ ಬೈಕಿನಲ್ಲಿ ಹೋಗುತ್ತಾರೆ, ಸಂಜೆ ಬರುತ್ತಾರೆ. ನಡುವೆ ಅಲ್ಲಿ ಮಾಡುವುದೆಂದರೆ ಬಾಗಿಲಲ್ಲಿ ಕೈಮುಗಿದು ನಿಂತು, ಬೀಗರು ಬಂದಾಗ ತಾವೇ ಹೆಣ್ಣು ಕೊಡುತ್ತಿರುವವರ ಹಾಗೆ ನಗುವುದು. ಬೀಗರು ಒಳಗೆ ಹೋದ ಮೇಲೆ ಹಿಂದಕ್ಕೆ ಹೋಗಿ ಪಾತ್ರೆ ತೊಳೆಯುವ ಹೆಂಗಸರನ್ನು ಬೈಯುವುದು. ಊರವರ ಮದುವೆಗಳಲ್ಲಿ ಇಷ್ಟು ವರ್ಷ ನಿಂತೂ ನಿಂತೂ ಅವೆಲ್ಲ ತಮ್ಮ ಮನೆಯದೇ ಕಾರ್ಯ ಅನ್ನುವ ಭ್ರಮೆ ಅವರಿಗೆ ಅಂಟಿಕೊಂಡಿದೆ.

ಈ ಬಡಾವಣೆಯಲ್ಲಿ ಅವರೂ ನಾವೂ ಒಂದೇ ವರ್ಷ ಮನೆ ಕಟ್ಟಿದೆವು. ಅವರ ತಾರಸಿಗೂ ನಮ್ಮ ತಾರಸಿಗೂ ನಡುವೆ ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಸಂದು. ಹಾಗಾಗಿ ಅವರ ಬಗ್ಗೆ ನನಗೆ ತಿಳಿಯದೆ ಇರುವುದು ಕಡಿಮೆ. ತಿಳಿದ ಮೇಲೂ ಗೌರವ ಹುಟ್ಟಿಲ್ಲ, ಅದಕ್ಕೆ ನಾನೇನು ಮಾಡಲಿ?

ಅವರು ಹುಟ್ಟಿದ್ದು ಹುಲಿಯೂರುದುರ್ಗದಲ್ಲಿ. ತಂದೆ ರುದ್ರಯ್ಯ ಬಸ್ ಸ್ಟ್ಯಾಂಡ್ ಹತ್ತಿರ ಬಾಳೆಹಣ್ಣು, ವೀಳ್ಯದೆಲೆ, ಸೋಪು ಮಾರುತ್ತಿದ್ದ ಒಳ್ಳೆಯ ಮನುಷ್ಯರಂತೆ. ತಾಯಿ ಬಟ್ಟೆ ಒಗೆದು ಬೆಟ್ಟದ ಬುಡದ ಬಂಡೆಯ ಮೇಲೆ ಹರಡಿ, ಗಾಳಿಗೆ ಹಾರದ ಹಾಗೆ ಮೂಲೆಗೊಂದು ಕಲ್ಲು ಇಡುತ್ತಿದ್ದರಂತೆ. ಊರಿನವರೆಲ್ಲ ನೋಡುವ ಹಾಗೆ ಬಂಡೆಯ ಮೇಲೆ ಒಣಗಿದ ಚಡ್ಡಿಯನ್ನೇ ಹಾಕಿಕೊಂಡು ಈ ಮಹಾಶಯರು ಹೈಸ್ಕೂಲು ಮುಗಿಸಿದ್ದು. ಈಗ ಯಾರಾದರೂ ಊರು ಯಾವುದೆಂದರೆ 'ನಮ್ಮದು ಕೋಟೆ ಕಡೆ' ಅನ್ನುತ್ತಾರೆ. ಕೇಳಿದವರು ಪಾಳೇಗಾರರ ವಂಶ ಅಂದುಕೊಳ್ಳಬೇಕು, ಅಷ್ಟೇ ಆಸೆ.

ಮಂಟಪದಲ್ಲಿ ಕಲಿತ ಒಂದೇ ಒಂದು ವಿದ್ಯೆಯನ್ನು ಅವರು ಮನೆಗೆ ತಂದರು. ಮುಂದುಗಡೆ ಹೂವು, ಲೈಟು, ಪನ್ನೀರು. ಹಿಂದುಗಡೆ ಎಂಜಲೆಲೆ, ಮಸಿ ಪಾತ್ರೆ, ಒದ್ದೆ ಬಟ್ಟೆ. ಹಿಂದುಗಡೆಯದು ಮುಂದುಗಡೆಯವರ ಕಣ್ಣಿಗೆ ಬೀಳಬಾರದು. ಮಂಟಪಕ್ಕೆ ಇದು ಸರಿಯೇ ಇರಬಹುದು. ಆದರೆ ಮನೆಯನ್ನೂ ಮಂಟಪ ಮಾಡಲು ಹೊರಟರೆ ಹಿಂದುಗಡೆಗೆ ಒಬ್ಬರು ಬೇಕಲ್ಲ. ಆ ಒಬ್ಬಳು ಅವರ ಹೆಂಡತಿ ತಿಪ್ಪಮ್ಮ.

ಪೊರಕೆ ಬಾಗಿಲ ಹಿಂದೆ ಹೋಯಿತು, ಚಪ್ಪಲಿ ಡಬ್ಬಿಯೊಳಗೆ ಹೋಯಿತು, ಸೌಟು ಡ್ರಾಯರಿಗೆ ಹೋಯಿತು. ಆಮೇಲೆ ತಿಪ್ಪಮ್ಮನ ಸರದಿ. ಗೇಟಿನ ಹತ್ತಿರ ನಿಂತು ಮಾತಾಡುವುದು ಸ್ಟ್ಯಾಂಡರ್ಡ್ ಅಲ್ಲವಂತೆ. ಸೊಪ್ಪಿನ ಗಾಡಿಯವನ ಜೊತೆ ಚೌಕಾಸಿ ಮಾಡುವುದು ಅಲ್ಲವಂತೆ. ಅಕ್ಕಪಕ್ಕದ ಮನೆಗೆ ಹೋಗಿ ಕೂರುವುದಂತೂ ಅಲ್ಲವೇ ಅಲ್ಲ. ಒಬ್ಬಳೇ ಮಗಳು ನಂದಿತಾ ಗುಬ್ಬಿಗೆ ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಹಗಲು ಮಾತಿನ ಸದ್ದೇ ಇರಲಿಲ್ಲ. ಉಳಿದಿದ್ದು ಬೆಳಗ್ಗೆ ಬಟ್ಟೆ ಒಣಹಾಕುವ ಅರ್ಧ ಗಂಟೆ. ಅವಳು ಅವರ ತಾರಸಿಯಲ್ಲಿ, ನಾನು ನಮ್ಮ ತಾರಸಿಯಲ್ಲಿ. ಬಾಯಿ ತೆಗೆದರೆ ತಿಪ್ಪಮ್ಮ ಎಂಥ ಮಾತುಗಾತಿ ಅನ್ನುವುದು ಅವಳ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ಅವಳು ಯಾರದಾದರೂ ಕತೆ ಹೇಳಿದರೆ ನಾನು ನಕ್ಕು ನಕ್ಕು ಕ್ಲಿಪ್ಪು ಕೈಜಾರಿ ಸಂದಿಗೆ ಬೀಳುತ್ತಿತ್ತು.

ಫೋನಿನಲ್ಲಿ ಮಾತಾಡಿಕೊಳ್ಳಬಹುದಲ್ಲ ಎಂದು ಯಾರಾದರೂ ಕೇಳಬಹುದು. ಒದ್ದೆ ಬಟ್ಟೆ ಕೊಡವುತ್ತಾ ಬರುವ ಮಾತು ಫೋನಿನಲ್ಲಿ ಬರುವುದಿಲ್ಲ. ಬರೀ ಕೈಯಲ್ಲಿ ತಾರಸಿಗೆ ಬಂದು ನಿಲ್ಲಬಹುದಲ್ಲ ಎಂದೂ ಕೇಳಬಹುದು. ನಮ್ಮ ಬೀದಿಯಲ್ಲಿ ಬರೀ ಕೈಯಲ್ಲಿ ನಿಂತ ಹೆಂಗಸನ್ನು ಏನು ಕೆಲಸ ಎಂದು ಕೇಳುವವರು ಹತ್ತು ಜನ ಇದ್ದಾರೆ. ಬಕೆಟ್ಟು ಪಕ್ಕದಲ್ಲಿದ್ದರೆ ಯಾರೂ ಕೇಳುವುದಿಲ್ಲ.

ಕಾರ್ತಿಕದ ಮದುವೆಗಳ ಗಲಾಟೆಯಲ್ಲಿ ಷಡಕ್ಷರಿಯವರ ಕಣ್ಣಿಗೆ ಒಂದು ಹೊಸ ಬಗೆಯ ಡಬ್ಬಿ ಬಿತ್ತು. ಮಂಟಪದ ಮಾಲೀಕ ಮಲ್ಲಿಕಾರ್ಜುನ್ ಮದುಮಗಳ ಕೋಣೆಯ ಬಾತ್‌ರೂಮಿಗೆ ಹೊಸದಾಗಿ ಹಾಕಿಸಿದ್ದರಂತೆ. ಮಾಲೀಕರು ಕೆಮ್ಮಿದರೆ ತಾವೂ ಕೆಮ್ಮುವ ಮನುಷ್ಯ, ಸುಮ್ಮನಿರುತ್ತಾರೆಯೇ? ಮರುದಿನವೇ ಅಂಥದ್ದೊಂದು ತಂದರು. ಅಂಗೈಗಿಂತ ಸ್ವಲ್ಪ ದೊಡ್ಡ ಬಿಳಿ ಡಬ್ಬಿ. ಬಡಗಿಯ ಅಳತೆ ಟೇಪಿನ ಹಾಗೆ ಒಳಗೆ ದಾರ ಸುತ್ತಿಕೊಂಡಿರುತ್ತದೆ. ತುದಿ ಹಿಡಿದು ಎಳೆದು ಎದುರಿಗಿನ ಕೊಕ್ಕೆಗೆ ಸಿಕ್ಕಿಸಿ, ಡಬ್ಬಿಯ ಪಕ್ಕದ ತಿರುಪು ಬಿಗಿದರೆ ಬಟ್ಟೆ ಒಣಹಾಕುವ ಹಗ್ಗ ಸಿದ್ಧ. ತಿರುಪು ಸಡಿಲಿಸಿ ತುದಿ ಬಿಟ್ಟರೆ ದಾರ ಸುಯ್ಯನೆ ಒಳಗೆ. ಅಲ್ಲೊಂದು ಹಗ್ಗವಿತ್ತು ಅನ್ನುವ ಗುರುತೂ ಇರುವುದಿಲ್ಲ.

ತಾರಸಿಯ ಕಬ್ಬಿಣದ ಕಂಬ ಎರಡನ್ನೂ ಕಿತ್ತು ಗುಜರಿಯವನಿಗೆ ಕೊಟ್ಟರು. ಡಬ್ಬಿಯನ್ನು ಮೆಟ್ಟಿಲು ತಾರಸಿಗೆ ಸೇರುವಲ್ಲಿನ ಪುಟ್ಟ ಕೋಣೆಯ ಗೋಡೆಗೆ ಜಡಿಸಿ, ಇನ್ನು ಬಟ್ಟೆ ಅದರೊಳಗೇ ಒಣಗಬೇಕು, ಬಾಗಿಲು ಹಾಕಿರಬೇಕು, ಯಾರಾದರೂ ಬಂದರೆ ದಾರ ಒಳಗೆ ಹೋಗಬೇಕು ಎಂದು ಅಪ್ಪಣೆ ಮಾಡಿದರು. ರಸ್ತೆಯಲ್ಲಿ ಹೋಗುವವರಿಗೆ ನಮ್ಮ ಮನೆಯ ಒಳಬಟ್ಟೆಯ ಲೆಕ್ಕ ಯಾಕೆ ಎಂದರಂತೆ. ರಸ್ತೆಯಲ್ಲಿ ಹೋಗುವವರಿಗೆ ಬೇರೆ ಕೆಲಸವಿಲ್ಲ ನೋಡಿ, ಷಡಕ್ಷರಿಯವರ ಬನಿಯನ್ ನೋಡಲೆಂದೇ ಹುಟ್ಟಿದ್ದಾರೆ!

ಅಲ್ಲಿಗೆ ಆ ಅರ್ಧ ಗಂಟೆ ಹೋಯಿತು. ನಾನು ಬೆಳಗ್ಗೆ ಬಟ್ಟೆ ಹಾಕುವಾಗ ಆ ಕಡೆ ಮುಚ್ಚಿದ ಬಾಗಿಲು ಮಾತ್ರ. ಒಳಗೆ ತಿಪ್ಪಮ್ಮ ಬಕೆಟ್ಟು ಎಳೆಯುವ ಸದ್ದು ಕೇಳುತ್ತಿತ್ತು.

ಇನ್ನೊಂದು ಸಂಗತಿಯೂ ನಡೆಯಿತು, ಅದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬಿಸಿಲಿಲ್ಲದೆ ಗಾಳಿಯಿಲ್ಲದೆ ಚಳಿಗಾಲದಲ್ಲಿ ಒಣಗಿದ ಶರ್ಟು ಮುಗ್ಗಲು ಹಿಡಿಯದೆ ಇರುತ್ತದೆಯೇ? ನೋಡಲು ಹಾಲಿನ ಬಿಳುಪು, ಹತ್ತಿರ ಹೋದರೆ ನೆನೆದ ಗೋಣಿಚೀಲ. ಅದರ ಮೇಲೆ ಅವರು ಸೆಂಟು ಸುರಿದುಕೊಂಡರು. ಎರಡೂ ಸೇರಿ ಆದ ವಾಸನೆಗೆ ಹೆಸರಿಲ್ಲ. ಮಂಟಪದ ಬಾಗಿಲಲ್ಲಿ ಅವರು ಕೈಮುಗಿದರೆ ಬೀಗರು ದೂರದಿಂದಲೇ ಕೈಮುಗಿದು ಒಳಗೆ ಓಡುತ್ತಿದ್ದರಂತೆ. ಷಡಕ್ಷರಿಯವರು ಅದನ್ನು ತಮ್ಮ ಮೇಲಿನ ಭಯಭಕ್ತಿ ಎಂದು ಹೆಂಡತಿಗೆ ವರ್ಣಿಸಿದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಆ ಬಾಗಿಲು ತೆರೆಯಿತು. ತಿಪ್ಪಮ್ಮ ದಾರದ ತುದಿ ಹಿಡಿದು ಹೊರಗೆ ಬಂದಳು. ಅವಳು ಹೆಜ್ಜೆ ಇಟ್ಟಷ್ಟೂ ದಾರ ಬರುತ್ತಲೇ ಇತ್ತು. ಕೋಣೆ ದಾಟಿತು, ತಾರಸಿ ದಾಟಿತು, ಪ್ಯಾರಾಪೆಟ್ಟಿನವರೆಗೆ ಬಂದರೂ ಮುಗಿಯಲಿಲ್ಲ. ಡಬ್ಬಿಯ ಹೊಟ್ಟೆಯಲ್ಲಿ ಇನ್ನೂ ಎಷ್ಟು ದಾರವಿದೆ ಎಂದು ಷಡಕ್ಷರಿಯವರು ಎಳೆದು ನೋಡಿರಲಿಲ್ಲ. ಅವಳು ನನ್ನ ಕಡೆ ತುದಿ ಚಾಚಿ, ಗಂಗಾಂಬಿಕಕ್ಕ, ನಿಮ್ಮ ನುಗ್ಗೆಕಾಯಿ ಕೀಳುವ ದೋಟಿ ಎಲ್ಲಿ ಎಂದು ಕೇಳಿದಳು.

ದೋಟಿಯಿಂದ ತುದಿ ಎಳೆದುಕೊಂಡು ನಮ್ಮ ಪ್ಯಾರಾಪೆಟ್ಟಿನ ಕಬ್ಬಿಣದ ಬಳೆಗೆ ಸಿಕ್ಕಿಸಿದೆ. ಆ ಕಡೆ ಅವಳು ತಿರುಪು ಬಿಗಿದಳು. ಎರಡು ಮನೆಗೂ ಸೇರಿ ಒಂದೇ ಹಗ್ಗವಾಯಿತು. ನಾನು ನನ್ನ ಸೀರೆ ಹಾಕಿದೆ, ಅವಳು ಗಂಡನ ಶರ್ಟು ಹಾಕಿದಳು. ಹಾಕಿದ್ದನ್ನು ಜರುಗಿಸುತ್ತಾ ಜರುಗಿಸುತ್ತಾ ಸಂದಿನ ಮೇಲೂ ಬಟ್ಟೆ ನೇತಾಡಿತು. ಅಷ್ಟು ದಿನದ ಮಾತೆಲ್ಲ ಅವತ್ತೇ ಆಡಿ ಮುಗಿಸುವವಳ ಹಾಗೆ ತಿಪ್ಪಮ್ಮ ಮಾತಾಡಿದಳು. ಸಂಜೆ ಬೈಕು ಬರುವ ಹೊತ್ತಿಗೆ ಬಟ್ಟೆ ಮಡಚಿಟ್ಟು, ನಾನು ತುದಿ ಬಿಟ್ಟರೆ ದಾರ ಸುಯ್ಯನೆ ಹೋಗಿ ಡಬ್ಬಿ ಸೇರುತ್ತಿತ್ತು. ಗಂಡನ ಮರ್ಯಾದೆ ಕಾಯಲು ಬಂದ ವಸ್ತು ಹೆಂಡತಿಯ ಗುಟ್ಟು ಕಾಯಿತು. ಶರ್ಟಿನ ಮುಗ್ಗಲೂ ಹೋಯಿತು. ಅದಕ್ಕೆ ಸೆಂಟೇ ಕಾರಣ ಎಂದು ಅವರು ಇನ್ನೆರಡು ಸೀಸೆ ತಂದರು.

ಹೀಗೆ ನಡೆಯುತ್ತಾ ಆಷಾಢ ಬಂತು. ಆಷಾಢದಲ್ಲಿ ಮದುವೆಗಳಿಲ್ಲ, ಮಂಟಪದ ಮ್ಯಾನೇಜರಿಗೆ ಸಂಜೆಯವರೆಗೆ ಬಾಗಿಲಲ್ಲಿ ನಿಲ್ಲುವ ಕೆಲಸವಿಲ್ಲ. ಹುಟ್ಟಿದಾಗಿನಿಂದ ಆಷಾಢ ನೋಡಿರುವ ಹೆಂಗಸರು ನಾವಿಬ್ಬರೂ ಇಷ್ಟು ಸಣ್ಣ ವಿಷಯ ಯೋಚಿಸಲಿಲ್ಲ.

ಇತ್ತ ಮಾಲೀಕ ಮಲ್ಲಿಕಾರ್ಜುನ್ ತುಮಕೂರಿನಾಚೆ ಕೋರದ ಕಡೆ ಇನ್ನೊಂದು ದೊಡ್ಡ ಮಂಟಪ ಕಟ್ಟಿಸುತ್ತಿದ್ದರು. ಅದರ ಮ್ಯಾನೇಜರ್ ಕುರ್ಚಿಯ ಮೇಲೆ ಷಡಕ್ಷರಿಯವರ ಕಣ್ಣು. ನಮ್ಮ ಮನೆಗೆ ಯಾವ ಹೊತ್ತಿನಲ್ಲಿ ಬಂದರೂ ಮಂಟಪದ ಹಾಗೇ ಇರುತ್ತೆ ಸಾರ್ ಎಂದು ಸಿಕ್ಕಾಗಲೆಲ್ಲ ಕೊಚ್ಚಿಕೊಂಡಿದ್ದರಂತೆ. ಅವತ್ತು ಮಾಲೀಕರು ಕುಣಿಗಲ್‌ನಿಂದ ಕೋರಕ್ಕೆ ಹೊರಟವರು ಇವರನ್ನೂ ಕಾರಿನಲ್ಲಿ ಕೂರಿಸಿಕೊಂಡಿದ್ದರು. ತುಮಕೂರು ಬಂದಾಗ ಇಲ್ಲೇ ನಿಮ್ಮ ಮನೆ ಅಲ್ಲವೇ ಎಂದು ಅವರೇ ಕೇಳಿದರಂತೆ. ಇವರಿಗೆ ಸ್ವರ್ಗ ಸಿಕ್ಕಿತು. ಹೆಂಡತಿಗೆ ಒಂದು ಫೋನ್ ಮಾಡಲಿಲ್ಲ. ಮಂಟಪದ ಹಾಗಿರುವ ಮನೆಗೆ ಯಾಕೆ ಫೋನ್?

ನಾವು ತಾರಸಿಯ ಮೇಲಿದ್ದೆವು. ಆಷಾಢದ ಗಾಳಿ ಬಟ್ಟೆಗಳನ್ನೆಲ್ಲ ಹಾರಾಡಿಸುತ್ತಿತ್ತು. ತಿಪ್ಪಮ್ಮನ ಕಡೆ ಗಂಜಿ ಹಾಕಿದ ಬಿಳಿ ಶರ್ಟುಗಳು. ನಡುವೆ, ಸಂದಿನ ಮೇಲೆ, ಗೇಟಿಗೆ ನೇರವಾಗಿ ಕಾಣುವ ಹಾಗೆ ಷಡಕ್ಷರಿಯವರ ಪಟಾಪಟಿ ಚಡ್ಡಿಗಳು ಮತ್ತು ತೂತುಬಿದ್ದ ಬನಿಯನ್ನುಗಳು. ಮೇಲಿನ ಶರ್ಟಿಗೆ ಅಷ್ಟು ಆರೈಕೆ ಮಾಡುವವರು ಒಳಗಿನ ಬನಿಯನ್ನಿಗೆ ಹೊಸದು ತಂದದ್ದನ್ನು ನಾನು ಕಂಡಿಲ್ಲ. ತಿಪ್ಪಮ್ಮ ಗುಬ್ಬಿಯ ಬೀಗಿತ್ತಿಯ ಕತೆ ಹೇಳುತ್ತಿದ್ದಳು. ಆ ಮಹಾತಾಯಿ ಹೊಸ ಮಿಕ್ಸಿಗೆ ಹುಣಸೆಹಣ್ಣು ಹಾಕಿ ಮುಚ್ಚಳ ಹಾಕದೆ ಗುಂಡಿ ಒತ್ತಿದರಂತೆ.

ಕೆಳಗೆ ಕಾರಿನ ಬಾಗಿಲು ಬಡಿಯಿತು. ನಾನು ಬಗ್ಗಿ ನೋಡಿದೆ. ಷಡಕ್ಷರಿಯವರು ಗೇಟು ತೆರೆದು, ಮಂಟಪದ ನಗೆ ನಗುತ್ತಾ, ಮಾಲೀಕರಿಗೆ ದಾರಿ ಬಿಡುತ್ತಿದ್ದರು. ಇನ್ನೂ ತಲೆ ಎತ್ತಿರಲಿಲ್ಲ. ಅವಳು ಆ ಕಡೆಯಿಂದ ಬಟ್ಟೆ ಬಾಚಿಕೊಂಡು ನಾನು ಈ ಕಡೆಯಿಂದ ತುದಿ ಬಿಟ್ಟಿದ್ದರೆ ಎಲ್ಲ ಮಾಯವಾಗುತ್ತಿತ್ತು. ನನ್ನ ಕೈ ಆಗಲೇ ಕಬ್ಬಿಣದ ಬಳೆಯ ಮೇಲಿತ್ತು.

"ಬಿಡ್ಲೇನೇ ತಿಪ್ಪಮ್ಮ?" ಅಂದೆ.

ಅವಳು ಕೆಳಗೆ ನೋಡಿದಳು. ಗಂಡನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೈಯಲ್ಲಿದ್ದ ಕ್ಲಿಪ್ಪನ್ನು ಶರ್ಟಿನ ಹೆಗಲಿಗೆ ಸಿಕ್ಕಿಸಿದಳು.

"ಬ್ಯಾಡ ಬುಡಕ್ಕ. ಒಣಗ್ಲಿ."

ಆಗ ಷಡಕ್ಷರಿಯವರು ತಲೆ ಎತ್ತಿದರು. ಮುಖದ ನಗು ಹಾಗೇ ಇತ್ತು, ತೆಗೆಯಲು ಮರೆತಿದ್ದರು. ಮಾಲೀಕರೂ ಮೇಲೆ ನೋಡಿದರು. ಏನದು ಎಂದು ಷಡಕ್ಷರಿಯವರು ಕೇಳಿದ್ದು ಹೆಂಡತಿಯನ್ನೋ, ಆಕಾಶವನ್ನೋ ತಿಳಿಯಲಿಲ್ಲ. ತಿಪ್ಪಮ್ಮ ಬೀದಿಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟಳು. ಅಷ್ಟು ದೊಡ್ಡ ದನಿ ಅವಳಿಗಿದೆ ಎಂದು ನನಗೂ ಗೊತ್ತಿರಲಿಲ್ಲ.

"ಬಟ್ಟೆ ಕಣ್ರೀ. ನಿಮ್ದೇ."

ಮಾಲೀಕರು ನಗಲಿಲ್ಲ, ಬೈಯಲಿಲ್ಲ. ಟಾಯ್ಲೆಟ್ ಎಲ್ಲಿದೆ ಎಂದು ಕೇಳಿದರು. ದಾರಿಯಲ್ಲಿ ಎಳನೀರು ಹೆಚ್ಚಾಗಿತ್ತಂತೆ, ಅವರು ಬಂದದ್ದೇ ಅದಕ್ಕೆ. ಯಾರ ಕಣ್ಣಿಗೆ ಅಂಜಿ ಈ ಮನುಷ್ಯ ಹೆಂಡತಿಯ ಬಾಯಿಗೆ ಬೀಗ ಹಾಕಿದ್ದರೋ ಅವರು ಕೆಲಸ ಮುಗಿಸಿ, ನಿಂತೇ ಅರ್ಧ ಲೋಟ ನೀರು ಕುಡಿದು, ಚಡ್ಡಿಯ ಕಡೆ ಇನ್ನೊಮ್ಮೆ ನೋಡದೆ ಕಾರು ಹತ್ತಿದರು. ನೀವು ಮನೇಲಿರಿ, ಕೋರಕ್ಕೆ ನಾನೊಬ್ಬನೇ ಹೋಗಿ ಬರುತ್ತೇನೆ ಎಂದರಂತೆ.

ಷಡಕ್ಷರಿಯವರು ದಡದಡ ಮೆಟ್ಟಿಲು ಹತ್ತಿ ಬಂದರು. ಕೋಣೆಯ ಬಾಗಿಲಿಂದ ನಮ್ಮ ಪ್ಯಾರಾಪೆಟ್ಟಿನವರೆಗೆ ದಾರ ಹೋಗಿರುವುದನ್ನು ಕಣ್ಣಲ್ಲೇ ಅಳೆದರು. ಎಷ್ಟು ದಿನದಿಂದ ನಡೆಯುತ್ತಿದೆ ಎಂದು ಕೇಳಿದರು. ಈ ಡಬ್ಬಿಯನ್ನು ಇವತ್ತೇ ಬಿಚ್ಚಿ ಎಸೆಯುತ್ತೇನೆ ಎಂದರು. ಎಸೆದರೆ ಮತ್ತೆ ಮುಚ್ಚಿದ ಬಾಗಿಲೇ.

ತಿಪ್ಪಮ್ಮ ಬಕೆಟ್ಟಿನಿಂದ ಇನ್ನೊಂದು ಶರ್ಟು ಎತ್ತಿ ಕೊಡವಿದಳು.

"ಎಸೀರಿ. ನಾಳೆಯಿಂದ ನಿಮ್ ಶರ್ಟಿಗೆ ಗಂಜಿ ನೀವೇ ಹಾಕ್ಕಳಿ. ನಾನು ಕೈ ಬೀಸ್ಕಂಡು ಹೋಗಿ ಗೇಟ್ ತಾವ ನಿಂತ್ಕಂಡು ಗಂಗಾಂಬಿಕಕ್ಕನ ಜೊತೆ ಮಾತಾಡ್ತೀನಿ. ನೋಡೋರು ನೋಡ್ಲಿ."

ಅವರು ಡಬ್ಬಿಯನ್ನು ನೋಡಿದರು, ಗಂಜಿಯಲ್ಲಿ ಬಿರುಸಾಗುತ್ತಿದ್ದ ಶರ್ಟುಗಳನ್ನು ನೋಡಿದರು. ಗಂಜಿಯಿಲ್ಲದ ಷಡಕ್ಷರಿಯನ್ನು ಮಂಟಪದ ಬಾಗಿಲಲ್ಲಿ ಅಡಿಗೆಯವರೂ ಗುರುತು ಹಿಡಿಯುವುದಿಲ್ಲ. ಅದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಡಬ್ಬಿಗೆ ಕೈ ಹಾಕದೆ ಹಿಂದಕ್ಕೆ ತಿರುಗಿದರು. ಮೆಟ್ಟಿಲಿಗೆ ಹೋಗಬೇಕಾದರೆ ಆ ಬಾಗಿಲಲ್ಲೇ ನುಸುಳಬೇಕು, ಬಾಗಿಲ ತುಂಬ ಬಟ್ಟೆ. ತಲೆ ಬಗ್ಗಿಸಿದರು. ಗಾಳಿಗೆ ಅವರದೇ ಶರ್ಟಿನ ಒದ್ದೆ ತೋಳು ಎದ್ದು ಅವರ ಕೆನ್ನೆಗೆ ಬಡಿಯಿತು. ನನಗೇನೋ ಅದು ಸಾಲದು ಅನ್ನಿಸಿತು.

ಅವರು ಇಳಿದುಹೋಗುವ ಸದ್ದು ನಿಂತಿತು. ತಿಪ್ಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಎಲ್ಲಿಗೆ ನಿಲ್ಸಿದ್ದೆ ಅಕ್ಕ?"

"ಮಿಕ್ಸಿ ಮುಚ್ಚಳಕ್ಕೆ," ಅಂದೆ.