ಕತ್ತರಿಯಮ್ಮನ ಹೆಬ್ಬೆರಳು

ಆ ಬೀದಿಯಲ್ಲಿ ಆಕೆಯ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಮೂವತ್ತೈದು ವರ್ಷದಿಂದ ಆಕೆ ಕತ್ತರಿಯಮ್ಮ. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ, ಟೇಪು, ಅಂಚು ಸವೆದ ಅಳತೆಕೋಲು, ಜೊತೆಗೆ ಕಬ್ಬಿಣದ ದೊಡ್ಡ ಕತ್ತರಿ. ಬಟ್ಟೆ ಕತ್ತರಿಸುವುದು ಕತ್ತರಿಯಮ್ಮ. ಹೊಲಿಯುತ್ತಿದ್ದವನು ಮೊದಲು ಗಂಡ, ಅವನು ತೀರಿಕೊಂಡ ಮೇಲೆ ಸೊಸೆ. ಮಗ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆಯೇ ಇರುತ್ತಿದ್ದ. ಹೀಗಾಗಿ ಮನೆಯಲ್ಲಿ ಇದ್ದವರು ಇಬ್ಬರೇ ಹೆಂಗಸರು.

ಆ ಕತ್ತರಿಯನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಅದರಿಂದ ಕಾಗದ ಕತ್ತರಿಸಿದರಂತೂ ಮುಗಿದೇ ಹೋಯಿತು. ಕಾಗದಕ್ಕೆ ಹಾಕಿದ ಕತ್ತರಿಯ ಅಲಗು ಮೊಂಡಾಗುತ್ತದೆ, ಆಮೇಲೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಹೊಲಿಗೆಯವರ ಮನೆಯಲ್ಲಿ ಮಗುವಿಗೂ ಇದು ಗೊತ್ತು. ಕತ್ತರಿಯಮ್ಮನ ಗಂಡ ಮದುವೆಯ ಹೊಸದರಲ್ಲಿ ಒಂದು ಲಕೋಟೆ ಕತ್ತರಿಸಿ ಎರಡು ದಿನ ಮಾತು ಕೇಳಿಸಿಕೊಂಡಿದ್ದನಂತೆ.

ಒಂದು ವರ್ಷದ ಹಿಂದೆ ಆ ಕತ್ತರಿ ಅಗಿಯತೊಡಗಿತು. ಎರಡು ಪದರವಾದರೆ ಹೇಗೋ ಸಾಗುತ್ತಿತ್ತು. ಶಾಲೆಯ ಯೂನಿಫಾರ್ಮಿನ ದಪ್ಪ ಬಟ್ಟೆ ನಾಲ್ಕು ಪದರ ಮಡಿಸಿಟ್ಟರೆ ನಡುವೆಯೇ ನಿಲ್ಲುತ್ತಿತ್ತು. ಬಲಗೈ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಒಳಗಿನಿಂದ ಯಾರೋ ಸೂಜಿ ಆಡಿಸಿದ ಹಾಗೆ ನೋವು. ಕತ್ತರಿ ಮೊಂಡಾಗಿದೆ, ಅದಕ್ಕೇ ಕೈಗೆ ಭಾರ ಬೀಳುತ್ತಿದೆ ಎಂದು ಕತ್ತರಿಯಮ್ಮ ತೀರ್ಮಾನಿಸಿದಳು. ತಪ್ಪು ತನ್ನ ಕೈಯದೇ ಇರಬಹುದು ಎಂಬ ಯೋಚನೆ ಆಕೆಯ ಹತ್ತಿರವೂ ಸುಳಿಯಲಿಲ್ಲ. ಸಾಣೆ ಹಿಡಿಯುವವನ ಬಳಿ ಒಮ್ಮೆ ಹೋದಳು, ತಿಂಗಳು ಬಿಟ್ಟು ಇನ್ನೊಮ್ಮೆ ಹೋದಳು. ನೋವು ಎಳ್ಳಷ್ಟೂ ಜಗ್ಗಲಿಲ್ಲ.

ಅಷ್ಟರಲ್ಲಿ ಮೇಜಿನ ಕೆಳಗೆ ಒಂದು ಕಾಗದದ ಚೂರು ಕಣ್ಣಿಗೆ ಬಿತ್ತು. ಕಾಲರಿನ ಆಕಾರದಲ್ಲಿ ನೀಟಾಗಿ ಕತ್ತರಿಸಿದ ಚೂರು.

"ನನ್ನ ಕತ್ತರೀಲಿ ಕಾಗದ ಕತ್ತರಿಸಿದ್ಯಾ?"

"ಇಲ್ಲ ಅತ್ತೆ. ಅಡುಗೆಮನೆ ಕತ್ತರೀಲಿ ಮಾಡ್ಕೊಂಡೆ."

"ಅಡುಗೆಮನೆ ಕತ್ತರೀಲಿ ಇಷ್ಟು ನೀಟಾಗಿ ಬರುತ್ತಾ? ಯಾರ ಕಿವಿ ಮೇಲೆ ಹೂವಿಡ್ತೀಯಾ?"

ಸೊಸೆ ಮೆಷಿನ್ನಿಗೆ ಹೋಗಿ ಕುಳಿತಳು. ಅಂದಿನಿಂದ ಮೂರು ತಿಂಗಳು ಇಬ್ಬರ ಮಧ್ಯೆ "ತೋಳು ಆಯ್ತಾ", "ದಾರ ಖಾಲಿ", "ಊಟಕ್ಕೆ ಬನ್ನಿ" ಎನ್ನುವಷ್ಟೇ ಮಾತು. ರಾತ್ರಿಯಿಡೀ ಜಗಳವಾಡುವವರು ಬೆಳಿಗ್ಗೆ ಒಂದಾಗುತ್ತಾರೆ. ಹೀಗೆ ಅಳೆದು ಮಾತಾಡುವ ಮನೆಯಲ್ಲಿ ಸುಸ್ತು ಮಾತ್ರ ಬೆಳೆಯುತ್ತದೆ. ಸಂಜೆಯಾದರೆ ಕತ್ತರಿಯಮ್ಮನಿಗೆ ಕೈ ಸೋತಿದೆಯೋ ಮನಸ್ಸು ಸೋತಿದೆಯೋ ತಿಳಿಯುತ್ತಿರಲಿಲ್ಲ.

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಈ ಸೊಸೆಗೆ ಮುಚ್ಚಳ ಹಾಕಲು ಬರುತ್ತಿರಲಿಲ್ಲ. ಸಕ್ಕರೆ ಡಬ್ಬಿ, ಉಪ್ಪಿನ ಜಾಡಿ, ಚಹಾಪುಡಿಯ ಬಾಟಲಿ, ಎಲ್ಲಕ್ಕೂ ಮುಚ್ಚಳ ಸುಮ್ಮನೆ ಮೇಲಿಟ್ಟಂತೆ. ಸಕ್ಕರೆಗೆ ಇರುವೆ ಬಂದವು. ಮೇಜಿನ ಮೇಲಿದ್ದ ನೀರಿನ ಬಾಟಲಿ ಉರುಳಿ ಬಿಳಿ ಬಟ್ಟೆಯೆಲ್ಲ ಒದ್ದೆಯಾಯಿತು. "ಮುಚ್ಚಳ ತಿರುಗಿಸೋಕೂ ನಿಮ್ಮಮ್ಮ ಹೇಳಿಕೊಟ್ಟಿಲ್ವಾ?" ಎಂದು ಆಕೆ ಅಂದದ್ದು ಪಕ್ಕದ ಮನೆಗೂ ಕೇಳಿಸಿತ್ತು. ಮರುದಿನವೂ ಮುಚ್ಚಳಗಳು ಸಡಿಲವಾಗಿಯೇ ಇದ್ದವು. ಎಂಥ ಮೊಂಡಿ ಎಂದುಕೊಂಡಳು.

ಮೂರನೆಯ ಸಲ ಹೋದಾಗ ಸಾಣೆಯವನು ಕತ್ತರಿಯನ್ನು ಚಕ್ರಕ್ಕೆ ಹಿಡಿಯಲೇ ಇಲ್ಲ. ತನ್ನ ಹಳೆಯ ಒರೆಸುಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸರಕ್ಕನೆ ಎರಡು ತುಂಡು ಮಾಡಿ ತೋರಿಸಿದ.

"ಅಮ್ಮಾ, ಇನ್ನೂ ಸಾಣೆ ಹಿಡಿದ್ರೆ ನಿಮಗೆ ಹಿಡಿ ಮಾತ್ರ ಉಳಿಯುತ್ತೆ. ಅಲಗು ಚೆನ್ನಾಗೇ ಇದೆ. ಯಾವತ್ತೂ ಚೆನ್ನಾಗೇ ಇತ್ತು. ಮೊದಲು ಕೈ ತೋರಿಸ್ಕೊಳ್ಳಿ."

ಕತ್ತರಿಯಮ್ಮ ಅವನಿಗೂ ಬೈದಳು. ಆದರೆ ಆ ವಾರವೇ ಕತ್ತರಿ ಕೈಯಿಂದ ಜಾರಿ, ಯಾರದೋ ಮಗನ ಹೊಸ ಪ್ಯಾಂಟಿನ ಬಟ್ಟೆ ಮೊಣಕಾಲಿನ ಹತ್ತಿರ ಅಡ್ಡಕ್ಕೆ ಸೀಳಿತು. ಮೂವತ್ತೈದು ವರ್ಷದಲ್ಲಿ ಮೊದಲ ಸಲ. ಆಕೆ ಹೆದರಿದಳು. ಕತ್ತರಿ ಕೈಬಿಟ್ಟರೆ ಈ ಮನೆಯಲ್ಲಿ ತಾನು ಯಾರು ಎಂಬ ಹೆದರಿಕೆ ಅದು. ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದಳು.

ಡಾಕ್ಟರಮ್ಮ ಹೆಬ್ಬೆರಳನ್ನು ಹಿಡಿದು ಬುಡದಲ್ಲಿ ಮೆಲ್ಲಗೆ ಒತ್ತಿ ತಿರುಗಿಸಿದರು. ಕತ್ತರಿಯಮ್ಮ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಎಕ್ಸ್‌ರೇ ಬಂದ ಮೇಲೆ ಡಾಕ್ಟರಮ್ಮ ಹೇಳಿದರು:

"ಕೋಟಿಗೆ ಒಳಗಡೆ ಅಸ್ತರು ಹಾಕ್ತೀರಲ್ವಾ? ಎರಡು ಮೂಳೆ ಸೇರೋ ಕಡೆಯೂ ಹಾಗೇ ನುಣ್ಣಗಿನ ಅಸ್ತರು ಇರುತ್ತೆ. ಹೆಬ್ಬೆರಳಿನ ಬುಡದಲ್ಲಿ ನಿಮ್ಮದು ಸವೆದುಹೋಗಿದೆ. ಮೂಳೆಗೆ ಮೂಳೆ ಉಜ್ಜುತ್ತಿದೆ. ಬೆರಳ ತುದೀಲಿ ಸ್ವಲ್ಪ ಒತ್ತಿದ್ರೂ ಬುಡದ ಮೇಲೆ ಅದರ ಎಷ್ಟೋ ಪಟ್ಟು ಭಾರ ಬೀಳುತ್ತೆ."

"ಅಸ್ತರು ಬಿಚ್ಚಿ ಹೊಸದು ಹಾಕೋಕಾಗಲ್ವಾ?"

"ಅಷ್ಟು ಸುಲಭ ಇದ್ದಿದ್ರೆ ನಾನೂ ಹೊಲಿಗೆ ಅಂಗಡಿನೇ ಇಡ್ತಿದ್ದೆ," ಎಂದು ಡಾಕ್ಟರಮ್ಮ ನಕ್ಕರು. "ಸವೆದಿದ್ದು ವಾಪಸ್ ಬರಲ್ಲ. ಆದ್ರೆ ನೋವು ಕಡಿಮೆ ಮಾಡಬಹುದು. ಕೆಲಸದ ಹೊತ್ತಲ್ಲಿ ಹೆಬ್ಬೆರಳಿಗೆ ಈ ಪಟ್ಟಿ ಹಾಕ್ಕೊಳ್ಳಿ, ಆಗಾಗ ಕೈಗೆ ಬಿಡುವು ಕೊಡಿ. ದಪ್ಪ ಬಟ್ಟೆ ಬೇರೆಯವರು ಕತ್ತರಿಸಲಿ. ಇದಕ್ಕೂ ಬಗ್ಗದಿದ್ರೆ ಇಂಜೆಕ್ಷನ್ ಇದೆ, ಕೊನೆಗೆ ಆಪರೇಷನ್ ಇದೆ. ಅಂದ ಹಾಗೆ, ಡಬ್ಬಿ ಮುಚ್ಚಳ ತೆಗೆಯೋಕೆ ತುಂಬಾ ಕಷ್ಟನಾ? ಈ ನೋವಿರೋರು ಎಲ್ಲರೂ ಮೊದಲು ಹೇಳೋದೇ ಅದು."

"ಅದೊಂದು ಕಷ್ಟ ಇಲ್ಲ. ನಮ್ಮ ಸೊಸೆ ಒಂದು ಮುಚ್ಚಳನೂ ಬಿಗಿಯಾಗಿ..."

ಮಾತು ಅರ್ಧಕ್ಕೇ ನಿಂತಿತು.

ಮನೆಗೆ ಬಂದಾಗ ಸೊಸೆ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದಳು. ಕತ್ತರಿಯಮ್ಮ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನಡೆದಳು. ಕೆಳಗಿನ ಹಲಗೆಯ ಸಕ್ಕರೆ, ಉಪ್ಪು, ಚಹಾಪುಡಿ, ತಾನು ದಿನವೂ ಮುಟ್ಟುವ ಮೂರರ ಮುಚ್ಚಳವೂ ಸಡಿಲ. ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ತಾನೆಂದೂ ಮುಟ್ಟದ ಒಣದ್ರಾಕ್ಷಿಯ ಬಾಟಲಿ ಇಳಿಸಿದಳು. ಬಲಗೈಯಲ್ಲಿ ತಿರುಗಿಸಿದಳು. ಎಡಗೈಯಲ್ಲಿ, ಆಮೇಲೆ ಬಟ್ಟೆ ಸುತ್ತಿ. ಮುಚ್ಚಳ ಅಲುಗಲಿಲ್ಲ. ಅದರ ಪಕ್ಕದ ಹಿಟ್ಟಿನ ಡಬ್ಬಿಯೂ ಅಷ್ಟೇ ಬಿಗಿ.

ಅದೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ನಾಚಿಕೆಯಿಂದ ಮುಖ ಬಿಸಿಯಾಯಿತು. ಸೊಸೆಯ ತಾಯಿಯನ್ನೂ ಎಳೆದು ತಂದಿದ್ದೆನಲ್ಲ ಎಂಬುದು ಹೆಬ್ಬೆರಳಿಗಿಂತ ಹೆಚ್ಚು ನೋಯಿಸಿತು.

ಸೊಸೆ ಬಂದಾಗ ಅತ್ತೆ ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು.

"ಮುಚ್ಚಳ ಯಾವಾಗಿಂದ ಸಡಿಲ ಬಿಡ್ತಿದೀಯಾ?"

"ಇನ್ಮೇಲೆ ಬಿಗಿಯಾಗಿ ಹಾಕ್ತೀನಿ ಅತ್ತೆ."

"ನಾನು ಕೇಳಿದ್ದು ಅದಲ್ಲಮ್ಮ."

ಸೊಸೆ ಕೈಚೀಲ ಕೆಳಗಿಟ್ಟಳು. "ಹೋದ ವರ್ಷ ಒಂದಿನ ನೀವು ಚಹಾಪುಡಿ ಬಾಟಲಿ ಹಿಡ್ಕೊಂಡು ಒದ್ದಾಡ್ತಿದ್ರಿ. ತೆಗೆಯೋಕಾಗಲಿಲ್ಲ. ಚಹಾ ಕುಡೀದೇನೇ ಹೋಗಿ ಕೆಲಸಕ್ಕೆ ಕೂತ್ರಿ. ಆವತ್ತಿಂದ."

"ಬಾಯಿಬಿಟ್ಟು ಹೇಳೋದಲ್ವಾ?"

"ನಿಮ್ಮ ಕೈಲಿ ಆಗಲ್ಲ ಅಂತ ನಾನು ಹೇಳಿದ್ರೆ, ಸುಮ್ಮನಿರ್ತಿದ್ರಾ?"

ಸುಮ್ಮನಿರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಕಾಗದದ ಮಾತು ಹೊಟ್ಟೆಗೆ ಹಾಕ್ಕೊಂಡುಬಿಡು," ಎಂದಳು ಕತ್ತರಿಯಮ್ಮ. "ಕತ್ತರಿ ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಕೈ. ನಿಮ್ಮಮ್ಮನ ಬಗ್ಗೆ ಅಂದಿದ್ದೂ ತಪ್ಪು."

ಸೊಸೆ ಬೇರೆ ಕಡೆ ನೋಡುತ್ತ ಕಣ್ಣೊರೆಸಿಕೊಂಡಳು.

ಮುಂದಿನ ಕೋಣೆಯಲ್ಲಿ ಯೂನಿಫಾರ್ಮಿನ ಬಟ್ಟೆ ನಾಲ್ಕು ಪದರವಾಗಿ ಕಾದಿತ್ತು. ಕತ್ತರಿಯಮ್ಮ ಪಟ್ಟಿ ಕಟ್ಟಿದ ಕೈಯಲ್ಲಿ ಸೀಮೆಸುಣ್ಣದ ಬಿಲ್ಲೆ ಹಿಡಿದು ಗೆರೆ ಎಳೆದಳು. ಆಮೇಲೆ ಕತ್ತರಿಯನ್ನು ಎತ್ತಿ, ಹಿಡಿಯ ಕಡೆಯನ್ನು ಸೊಸೆಯತ್ತ ಚಾಚಿದಳು. ಸೊಸೆ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದಳು.

"ತಗೋ. ಕಚ್ಚಲ್ಲ ಅದು."

ಕತ್ತರಿ ನಾಲ್ಕೂ ಪದರದಲ್ಲಿ ಎಲ್ಲೂ ತಡೆಯದೆ ಸಾಗಿತು. ಮೇಜಿಗೆ ಅಲಗು ಉಜ್ಜುವ ಆ ಸದ್ದು ಕತ್ತರಿಯಮ್ಮನ ಕಿವಿಗೆ ಬಿದ್ದು ಒಂದು ವರ್ಷವಾಗಿತ್ತು. ಖುಷಿಯಾಯಿತು, ಅದು ತನ್ನ ಕೈಯ ಸದ್ದಲ್ಲವಲ್ಲ ಎಂದು ಸಂಕಟವೂ ಆಯಿತು. ಪ್ಯಾಂಟಿನ ಎರಡು ಕಾಲಿನ ಭಾಗ ಮುಗಿಯುತ್ತಿದ್ದಂತೆ ಆಕೆ ಸೊಸೆಯ ಕೈ ಹಿಡಿದು ನಿಲ್ಲಿಸಿದಳು.

"ಸಾಕು, ಕೆಳಗಿಡು. ಕೈಗೆ ಬಿಡುವು ಕೊಡು."

"ಈಗ ತಾನೇ ಶುರು ಮಾಡಿದ್ದು ಅತ್ತೆ. ನನಗೇನೂ ನೋವಿಲ್ಲ."

"ಗೊತ್ತು. ನನಗೂ ಇರಲಿಲ್ಲ. ಆಗ ಹೀಗೆ ಹೇಳೋಕೆ ಯಾರೂ ಇರಲಿಲ್ಲ. ಕೆಳಗಿಡು."