ಖಾಲಿ ಕ್ಯಾನಿನ ನಡಿಗೆ

ಪಿರಿಯಾಪಟ್ಟಣದ ಬಸ್ಸಿಗೆ ಕಂಡಕ್ಟರ್ ಆಗಿ ಸೇರಿದ ಹೊಸದರಲ್ಲಿ, ತನ್ನಂಥ ಪರೋಪಕಾರಿ ಹುಣಸೂರಿನಿಂದ ಈಚೆಗೆ ಇನ್ನೊಬ್ಬನಿಲ್ಲ ಎಂಬ ಭ್ರಮೆ ರಘುವಿಗಿತ್ತು. ದಿನಾ ಬೆಳಿಗ್ಗೆ ಏಳಕ್ಕೆ, ಆಲದಮರದ ಸ್ಟಾಪಿನ ಹತ್ತಿರ, ನಲವತ್ತೈದು ದಾಟಿದ ಹೆಂಗಸೊಬ್ಬಳು ಹಾಲಿನ ಕ್ಯಾನು ಹಿಡಿದು ಡೇರಿಯ ಕಡೆಗೆ ಬಿರುಸಾಗಿ ಹೆಜ್ಜೆ ಹಾಕುತ್ತಿದ್ದಳು. ಪಾಪ, ಹಾಲಿಗೆ ಹೊತ್ತಾಯಿತೆಂದು ಇವನು ಸೀಟಿ ಊದಿ ಬಸ್ಸು ನಿಲ್ಲಿಸುವನು. ಆಕೆ ಬೇಡವೆಂದು ಕೈಯಾಡಿಸಿ ಮುಂದೆ ಹೋಗುವಳು. ಡ್ರೈವರ್ ಪ್ರಭುಸ್ವಾಮಿ ಬಯ್ಯುವನು. ಹನ್ನೆರಡನೆಯ ದಿನ ರಘು ಕೆಳಗೆ ಹಾರಿ, ಹಾಲು ಒಡೆದುಹೋಗುತ್ತದೆ ಬನ್ನಿ ಎಂದು ಕ್ಯಾನಿಗೇ ಕೈ ಹಾಕಿದ. ತುಂಬಿದೆಯೆಂದು ಮೈಯ ಬಲವನ್ನೆಲ್ಲ ಹಾಕಿ ಎತ್ತಿದ್ದಕ್ಕೆ ಕ್ಯಾನು ಅವನ ಹಣೆಗೇ ಬಡಿಯಿತು. ಮುಚ್ಚಳ ರಸ್ತೆಯಲ್ಲಿ ಉರುಳಿತು. ಒಳಗೆ ತೊಟ್ಟು ಹಾಲಿರಲಿಲ್ಲ. ಬಸ್ಸಿಗೆ ಬಸ್ಸೇ ನಕ್ಕಿತು. ಯಾರನ್ನು ನೋಡಿ ನಕ್ಕರೆಂಬ ಬಗ್ಗೆ ರಘುವಿಗೆ ಅನುಮಾನವಿರಲಿಲ್ಲ.

ಆಕೆ ಮಾತ್ರ ನಗದೆ ಮುಚ್ಚಳ ಎತ್ತಿಕೊಂಡಳು. "ಊರಲ್ಲಿ ಯೋಳ್ಬ್ಯಾಡ ಕಣಪ್ಪ" ಎಂದಳು.

ಹೇಳಬಾರದ್ದೇನೆಂದು ಅವನಿಗೆ ತಿಳಿಸಿದವಳು ಅದೇ ಊರಿನ ಭದ್ರಮ್ಮ, ಹಿಂದಿನ ಸೀಟಿನಲ್ಲಿ ಕೂತು, ಹುಣಸೂರಿನಿಂದ ವಾಪಸ್ ಬರುವಾಗ. ಆ ಹೆಂಗಸಿನ ಹೆಸರು ವೀರಮ್ಮ. ಹತ್ತೊಂಬತ್ತು ವರ್ಷ ವೀರಮ್ಮನೂ ಅವಳ ಓರಗಿತ್ತಿ ಪುಷ್ಪಾಳೂ ಎದುರುಬದುರು ನಿಂತು, ಒಣಗಿಸಲು ಹೊಗೆಸೊಪ್ಪನ್ನು ಕೋಲಿಗೆ ಪೋಣಿಸಿದವರು. ಕೋಲಿನ ಆಚೆ ಪುಷ್ಪಾ ಎಲೆ ಕೊಡುವಳು, ಈಚೆ ವೀರಮ್ಮ ದಾರ ಸುತ್ತುವಳು. ಹಾಡೂ ಹಾಗೆಯೇ: ಇವಳು ಒಂದು ಸಾಲು ಎತ್ತಿಕೊಟ್ಟರೆ ಅವಳು ಮುಂದಿನದ್ದು. ಓರಗಿತ್ತಿಯರು ಜಗಳವಾಡದಿದ್ದರೆ ಮನೆಗೆ ಶ್ರೇಯಸ್ಸಲ್ಲ ಎಂದು ಊರು ರೇಗಿಸುತ್ತಿತ್ತು. ಹೋದ ವರ್ಷ ಜ್ವರದಲ್ಲಿ ಪುಷ್ಪಾ ಹೋದಳು. ವೀರಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಅರ್ಧ ಮುದ್ದೆ ಇಟ್ಟರೂ ತಟ್ಟೆಯಲ್ಲೇ ಒಣಗುತ್ತಿತ್ತು. ಸೊಪ್ಪು ಪೋಣಿಸುವ ಚಪ್ಪರದತ್ತ ಕಾಲೇ ಏಳುತ್ತಿರಲಿಲ್ಲ.

ಡಾಕ್ಟರು ಮಾತ್ರೆ ಕೊಟ್ಟರು. ಜೊತೆಗೆ ದಿನಾ ಮುಕ್ಕಾಲು ಗಂಟೆ ನಡೆಯಬೇಕೆಂದರು. ಎದೆ ಹೊಡೆದುಕೊಳ್ಳಬೇಕು, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು.

ಆದರೆ ಆ ಊರಲ್ಲಿ ಹೆಂಗಸು ಬರಿಗೈಯಲ್ಲಿ ಸುಮ್ಮನೆ ನಡೆಯುವುದುಂಟೇ? ಹತ್ತು ಜಗಲಿಯಿಂದ ಹತ್ತು ಪ್ರಶ್ನೆ ಬೀಳುತ್ತವೆ. ಅದಕ್ಕೇ ಖಾಲಿ ಕ್ಯಾನು. ಅದು ಖಾಲಿಯೆಂದು ಊರಿಗೆಲ್ಲ ಗೊತ್ತು. ಅವಳ ಮನೆಯ ಹಸುವಿನ ಹಾಲು ಬತ್ತಿ ಎಷ್ಟೋ ದಿನವಾಗಿತ್ತು. ಆದರೂ "ಡೇರಿಗಾ?" ಎಂದು ಕೇಳುವರು, "ಊಂ" ಎನ್ನುವಳು. ಗೊತ್ತಿಲ್ಲದವರಂತೆ ಇರುವುದು ಊರಿನ ಮರ್ಯಾದೆ. ಅದನ್ನು ಕೆಡಿಸಿದವನು ಪರ ಊರಿನವನಾದ, ಗುರುಪುರದ ರಘು ಒಬ್ಬನೇ.

ಮೊದಲ ತಿಂಗಳು ನಡೆದರೂ ಏನೂ ಆಗಲಿಲ್ಲವಂತೆ. ಆಮೇಲೆ ಒಂದು ರಾತ್ರಿ ನಿದ್ದೆ ಬಂತು. ಆಮೇಲೆ ಹಸಿವು. ಈ ವರ್ಷದ ಸೊಪ್ಪಿಗೆ ಮತ್ತೆ ಕೋಲಿನ ಮುಂದೆ ನಿಲ್ಲಬೇಕೆಂಬುದು ಅವಳ ಆಸೆ, ನಿಲ್ಲಲಾರೆನೇನೋ ಎಂಬುದು ಭಯ. ಅಂದಿನಿಂದ ರಘು ಸೀಟಿ ಊದಲಿಲ್ಲ. ಕಿಟಕಿಯಿಂದ "ಡೇರಿಗಾ?" ಎನ್ನುವನು. ಅವಳು "ಊಂ" ಎನ್ನುವಳು.

ಆಗಸ್ಟಿನಲ್ಲಿ ಬಸ್ಸು ಅದೇ ಸ್ಟಾಪಿನಲ್ಲಿ ಪಂಕ್ಚರ್ ಆಯಿತು. ಟೈರು ಬರುವ ತನಕ ರಘು ವೀರಮ್ಮನ ಜೊತೆ ನಡೆದ. ದಿನವಿಡೀ ನಿಂತು ದುಡಿಯುವವನೆಂಬ ಜಂಬ ಎರಡನೇ ಫರ್ಲಾಂಗಿಗೇ ಇಳಿಯಿತು. ಡಾಕ್ಟರ ಲೆಕ್ಕದಲ್ಲಿ ಅವನಿಗೆ ಹಾಡಿರಲಿ, ಮಾತೂ ಬರುತ್ತಿರಲಿಲ್ಲ. "ಬಸ್ಸಲ್ಲಿ ಕೂತ್ಕೊಂಡೇ ಸವೆದೋಗಿದ್ದೀಯ ಕಣ್ಲಾ" ಎಂದಳು ಅವಳು, ತಿರುಗಿಯೂ ನೋಡದೆ.

ಡೇರಿಯವರೆಗೆ ಹೋಗಿ ತಿರುಗಿ ಬಂದಾಗ, ಅವಳ ಮನೆಯ ಮುಂದಿನ ಚಪ್ಪರದಲ್ಲಿ ಆಗಲೇ ಸೊಪ್ಪು ರಾಶಿ ಬಿದ್ದಿತ್ತು. ನಾಲ್ಕು ಜೋಡಿ ಹೆಂಗಸರು ನಿಂತಿದ್ದರು. ಕೊನೆಯ ಕೋಲಿನ ಎರಡೂ ಬದಿ ಖಾಲಿ. ವೀರಮ್ಮ ಕ್ಯಾನು ಕೆಳಗಿಟ್ಟು, ಈಚೆ ಬದಿಗೆ ಹೋಗಿ ನಿಂತಳು. ಆಚೆ ಬದಿಗೆ ಯಾರೂ ಬರಲಿಲ್ಲ. ತಡೆಯಲಾರದೆ ರಘುವೇ ಹೋಗಿ ಎಲೆ ಕೊಡತೊಡಗಿದ. ಬುಡ ಅತ್ತ, ತುದಿ ಇತ್ತ. ಅವಳು ಬಯ್ಯದೆ ಒಂದೊಂದನ್ನೂ ತಿರುಗಿಸಿಕೊಂಡು ದಾರ ಸುತ್ತಿದಳು. ಅವನ ಕೈಯೆಲ್ಲ ಅಂಟು, ಕಪ್ಪು.

ಅರ್ಧ ಕೋಲು ತುಂಬಿದಾಗ ಅವಳ ಬಾಯಿಂದ ಹಾಡಿನ ಒಂದು ಸಾಲು ಬಂತು. ಬಂದು ನಿಂತಿತು. ಮುಂದಿನ ಸಾಲಿಗಾಗಿ ಅವಳು ತಲೆಯೆತ್ತಿ ನೋಡಿದಳು; ಅಲ್ಲಿದ್ದವನು ಬಸ್ ಕಂಡಕ್ಟರ್. ಉಳಿದ ಹೆಂಗಸರ ಕೈಗಳು ನಿಂತವು. ಅವಳು ಮತ್ತೆ ಅದೇ ಸಾಲು ಎತ್ತಿಕೊಂಡಳು, ಈ ಸಲ ಮುಂದಿನದ್ದನ್ನೂ ತಾನೇ ಹೇಳಿಕೊಂಡಳು. ಉಳಿದವರ ಕೈಗಳು ಮತ್ತೆ ಎಲೆಗೆ ಹೋದವು.

ಕೇಳಬಾರದ ಹೊತ್ತಲ್ಲಿ ಕೇಳಬಾರದ್ದನ್ನು ಕೇಳುವುದು ರಘುವಿನ ಹುಟ್ಟುಗುಣ. "ಅಕ್ಕಾ, ಇಷ್ಟು ನಡೆದಿದ್ದಕ್ಕೆ ದುಃಖ ಹೋಯ್ತಾ?"

ವೀರಮ್ಮ ದಾರ ಬಿಗಿದು ಗಂಟು ಹಾಕಿದಳು.

"ಇಲ್ಲ. ನಿನ್ನೆ ಸಂಜೆನೂ ಕುಂತ್ಕೊಂಡು ಅತ್ತಿದ್ದೀನಿ. ಅತ್ತಾದ್ ಮ್ಯಾಲೆ ಎರಡು ಮುದ್ದೆ ಉಂಡಿದ್ದೀನಿ."