ಎದುರು ಮನೆಯ ಜಪಾನ್ ಕೋಟೆ

ಹೋದ ವಾರ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಯಾರೋ ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೊಯ್ಯಿಸುತ್ತಿದ್ದರು. ನೀರು ಬಿದ್ದ ಕಲ್ಲಿನ ಪುಡಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದರ ಹಿಂದೆಯೇ ಹಳೆಯ ಹೊಟ್ಟೆಕಿಚ್ಚೂ ಬಂದು ಪಕ್ಕದಲ್ಲಿ ಕೂತಿತು. ಜಯನಗರದ ನಮ್ಮ ಎದುರು ಮನೆಯಾಕೆಯ ವರಾಂಡದಲ್ಲಿ ಆ ಒಂದು ದಸರಾ ಪೂರ್ತಿ ಇದೇ ವಾಸನೆ...

ಎಂಬತ್ತರ ದಶಕದ ಮೊದಲ ವರ್ಷಗಳು. ಆಕೆಯ ಗಂಡನನ್ನು ಕಾರ್ಖಾನೆಯವರು ತರಬೇತಿಗೆಂದು ಜಪಾನಿಗೆ ಕಳಿಸಿದ್ದರು. ಆಕೆಯೂ ಜೊತೆಗೆ ಹೋಗಿದ್ದಳು. ಅವರಿದ್ದ ಊರಿನಲ್ಲಿ ಭೂಕಂಪಕ್ಕೆ ಹಳೆಯ ಕೋಟೆಯೊಂದರ ಕಲ್ಲಿನ ಗೋಡೆ ಕುಸಿದಿತ್ತಂತೆ. ಬಿದ್ದ ಕಲ್ಲುಗಳಿಗೆಲ್ಲ ನಂಬರ್ ಬರೆದು, ಹಳೆಯ ಫೋಟೋಗಳನ್ನು ನೋಡಿ, ಯಾವ ಕಲ್ಲು ಎಲ್ಲಿತ್ತೋ ಅಲ್ಲೇ ಮತ್ತೆ ಕೂರಿಸುತ್ತಿದ್ದರಂತೆ. ಫಾರಿನ್ನಿಗೆ ಹೋದವರು ಸೀರೆ, ಟೇಪ್ ರೆಕಾರ್ಡರ್ ತರುತ್ತಿದ್ದ ಕಾಲದಲ್ಲಿ ಈಕೆ ತಲೆ ತುಂಬ ಆ ಕೋಟೆಯನ್ನು ತುಂಬಿಕೊಂಡು ಬಂದಳು.

ಅಲ್ಲಿಯವರೆಗೆ ನಮ್ಮ ಬೀದಿಯಲ್ಲಿ ದಸರಾ ಗೊಂಬೆ ಎಂದರೆ ನಮ್ಮ ಮನೆಯೇ. ಅತ್ತೆಗೆ ಅವರ ತವರಿನವರು ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳು, ಆ ರಾಜ ರಾಣಿಯರ ಕಳೆಯೇ ಬೇರೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ಅವನ್ನು ಮುಟ್ಟಲಿಲ್ಲ. ಪೆಟ್ಟಿಗೆಯ ಕೀಲಿ ನನ್ನ ಕೈಗೆ ಕೊಟ್ಟು, ಆ ಒಂಬತ್ತು ದಿನ ಒಳಗಿನ ಕೋಣೆ ಸೇರಿಬಿಡುತ್ತಿದ್ದರು. ಮುತ್ತೈದೆಯರು ಕುಂಕುಮಕ್ಕೆ ಬರುವ ಹೊತ್ತಿನಲ್ಲಿ ಅವರು ಹೊರಗೆ ಕಾಣಿಸಿಕೊಳ್ಳುತ್ತಿರಲಿಲ್ಲ. ಪದ್ಧತಿ ಹಾಗಿತ್ತು, ನಾನೂ ಅದರ ಬಗ್ಗೆ ಯೋಚಿಸಿರಲಿಲ್ಲ. ನನ್ನ ಯೋಚನೆಯೆಲ್ಲ ಮೆಟ್ಟಿಲುಗಳ ಮೇಲೆ ಯಾವ ಗೊಂಬೆಯ ಪಕ್ಕ ಯಾವುದು ಎಂಬುದರ ಮೇಲೆ. ಅತ್ತೆ ಒಂದು ಸಲ ಇಣುಕಿ ನೋಡಿ 'ಚೆನ್ನಾಗಿದೆ ಕಣೆ' ಎನ್ನಲಿ ಎಂದು ಪ್ರತಿ ವರ್ಷ ಕಾಯುತ್ತಿದ್ದೆ. ಅವರು ಅನ್ನಲಿಲ್ಲ.

ಎದುರು ಮನೆಯಾಕೆ ಮಾಡಿದ್ದೇನೆಂದರೆ, ಕನಕಪುರ ರಸ್ತೆಯ ಕಡೆ ಕಲ್ಲು ಒಡೆಯುವವರಿಂದ ಚೂರುಗಳನ್ನು ತರಿಸಿ, ತೊಳೆದು, ಒಂದು ಚೂರು ಸಿಮೆಂಟೂ ಹಾಕದೆ ವರಾಂಡದಲ್ಲಿ ಕೋಟೆ ಕಟ್ಟಿದಳು. ಮೇಲೆ ರಟ್ಟಿನ ಬಿಳಿ ಗೋಪುರ, ಅದಕ್ಕೆ ತುದಿ ಎತ್ತಿದ ಮಾಡು. ಕಲ್ಲುಗಳಿಗೆಲ್ಲ ನಂಬರ್ ಹಾಕಿ ಫೋಟೋ ತೆಗೆದಿಟ್ಟುಕೊಂಡಳು. ಪಾಡ್ಯದ ದಿನ ಬೀದಿಯವರೆಲ್ಲ ನೋಡುತ್ತಿದ್ದಂತೆ ಅದನ್ನು ಬೀಳಿಸಿದಳು. ವಿಜಯದಶಮಿಯ ಹೊತ್ತಿಗೆ ದಿನಕ್ಕಿಷ್ಟು ಎಂದು ಮತ್ತೆ ಕಟ್ಟಿ ಮುಗಿಸುವುದು ಅವಳ ಲೆಕ್ಕಾಚಾರ. ನನ್ನ ಗೊಂಬೆಗಳನ್ನು ಒಂದು ದಿನ ನೋಡಿದರೆ ಮುಗಿಯಿತು, ಅವಳ ಗೋಡೆಯನ್ನು ದಿನಾ ನೋಡಬೇಕು. ನಮ್ಮ ಮನೆಗೆ ಬಂದವರು ಚಾಪೆಯ ಮೇಲೆ ಸರಿಯಾಗಿ ಕೂರುತ್ತಲೂ ಇರಲಿಲ್ಲ. “ಬೇಗ ಕುಂಕುಮ ಕೊಟ್ಬಿಡಿ, ಎದುರು ಮನೇಲಿ ಇವತ್ತು ಗೋಡೆ ಎಲ್ಲಿವರೆಗೂ ಬಂತು ನೋಡ್ಬೇಕು” ಎನ್ನುತ್ತಿದ್ದರು. ನಾನು ಕಷ್ಟಪಟ್ಟು ಮಾಡಿದ ಕಡಲೆಕಾಳು ಉಸಲಿಯನ್ನು ಪೊಟ್ಟಣ ಕಟ್ಟಿಸಿಕೊಂಡು ಹೋಗಿ ಅವಳ ಗೇಟಿನಲ್ಲಿ ನಿಂತು ತಿನ್ನುತ್ತಿದ್ದರು.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಮೂರನೆಯ ದಿನ ಆಕೆ ಕುಂಕುಮಕ್ಕೆ ಬಂದವಳು ಸೀದಾ ಒಳಗಿನ ಕೋಣೆಗೆ ಹೋಗಿ ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.

“ಅಮ್ಮಾ, ನಮ್ಮನೇಗೆ ಬನ್ನಿ. ಕಲ್ಲು ಜೋಡಿಸೋಕೆ ಒಬ್ಬಳ ಕೈಲಿ ಆಗ್ತಿಲ್ಲ.”

“ನಾನು ಬರಬಾರದಮ್ಮ, ಹಬ್ಬದ ಮನೆಗೆ” ಎಂದರು ಅತ್ತೆ.

“ನಾನೇನು ಗೊಂಬೆ ಕೂರಿಸಿಲ್ವಲ್ಲ. ಬಿದ್ದ ಗೋಡೆ ಎತ್ತೋಕೆ ಯಾವ ಶಾಸ್ತ್ರ ಅಡ್ಡ ಬರತ್ತೆ?”

ಅತ್ತೆ ನನ್ನ ಮುಖ ನೋಡಿದರು. ನಾನು ಏನಾದರೂ ಹೇಳುವ ಮೊದಲೇ ಎದ್ದು ಸೆರಗು ಸರಿಮಾಡಿಕೊಂಡರು.

ಆಮೇಲೆ ದಿನಾ ಮಧ್ಯಾಹ್ನ ಅತ್ತೆ ಅಲ್ಲೇ. ಕಲ್ಲುಗಳ ಮೇಲಿದ್ದ ಇಂಗ್ಲಿಷ್ ನಂಬರ್ ಅತ್ತೆಗೆ ಓದಲು ಬಾರದು ಎಂದು ಗೊತ್ತಾಗಿ, ಆಕೆ ಎಲ್ಲವನ್ನೂ ಅಳಿಸಿ ಕನ್ನಡ ಅಂಕಿಗಳಲ್ಲಿ ಬರೆದಳು, ಫೋಟೋಗಳ ಮೇಲೂ. ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಷ್ಟು ಕಲ್ಲಿಗೆ, ಅದೂ ನನ್ನ ಅತ್ತೆಗೋಸ್ಕರ!

ಒಂದು ದಿನ ಕಾಫಿಗೆ ಕರೆಯುವ ನೆಪದಲ್ಲಿ ಹೋದೆ. ಅತ್ತೆಯ ಕೈಜಾರಿ ಒಂದು ಕಲ್ಲು ಬಿದ್ದು ಎರಡು ಹೋಳಾಯಿತು. ಈಗ ಈಕೆಯ ಬಣ್ಣ ಬಯಲಾಗುತ್ತದೆ, ಒಂದು ಮಾತಾದರೂ ಆಡುತ್ತಾಳೆ ಎಂದು ಒಳಗೊಳಗೇ ಖುಷಿಯಾಯಿತು. ಆಕೆ ಅಂಟಿನ ಟ್ಯೂಬು ತಂದು ಕೊಟ್ಟಳು. “ಅಲ್ಲೂ ಹೀಗೇ ಅಮ್ಮಾ. ಒಡೆದಿದ್ದನ್ನ ಅಂಟಿಸಿ ಅದರ ಜಾಗದಲ್ಲೇ ಇಡೋರು. ಆದಷ್ಟೂ ಬೇರೆ ಕಲ್ಲು ತರ್ತಿರಲಿಲ್ಲ” ಎಂದಳು. ಅತ್ತೆ ಎರಡೂ ಹೋಳನ್ನು ಒತ್ತಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತರು. ಆಮೇಲೆ ಅವಳನ್ನು ನೋಡಿ ನಕ್ಕರು. ಮದುವೆಯಾಗಿ ಬಂದಾಗಿನಿಂದ ಆ ನಗು ನನ್ನ ಪಾಲಿಗೆ ಒಂದು ಸಲವೂ ಬಂದಿರಲಿಲ್ಲ. ಕಾಫಿ ಆರಿಹೋಗುತ್ತದೆ ಎಂದು ಹೇಳಿ ಒಬ್ಬಳೇ ಮನೆಗೆ ಬಂದೆ.

ಮುಂದಿನ ದಸರಾ ಹೊತ್ತಿಗೆ ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ನನಗೆ ಎಂಥ ನೆಮ್ಮದಿ... ಆದರೆ ಹಬ್ಬ ಬಂದಾಗ ಅತ್ತೆ ಮತ್ತೆ ಕೋಣೆ ಸೇರಿ ಗೋಡೆಗೆ ಮುಖ ಮಾಡಿ ಮಲಗಿದರು. ನೋಡಲಾಗಲಿಲ್ಲ. ಪೆಟ್ಟಿಗೆಯನ್ನು ಅವರ ಮುಂದೆಯೇ ಇಟ್ಟು, “ಪಟ್ಟದ ಗೊಂಬೆ ಈ ಸಲ ನೀವೇ ಕೂರಿಸಿ ಅತ್ತೆ. ಯಾರು ಏನಂದ್ರೂ ನಾನು ನೋಡ್ಕೋತೀನಿ” ಎಂದೆ. ಅಕ್ಕರೆಯಿಂದ ಹೇಳಿದೆನೋ ಎದುರು ಮನೆಯಾಕೆಯ ಜೊತೆಗಿನ ಪೈಪೋಟಿಯಿಂದಲೋ, ನನಗೇ ಗೊತ್ತಿರಲಿಲ್ಲ. ಅತ್ತೆ ರಾಣಿಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಅದರ ಮುಖ ಒರೆಸಿದರು. ರಾಜ ರಾಣಿ ಇಬ್ಬರನ್ನೂ ಮೇಲಿನ ಮೆಟ್ಟಿಲಿನಲ್ಲಿ ಕೂರಿಸಿ, ಸ್ವಲ್ಪ ಹಿಂದೆ ಸರಿದು ನೋಡಿದರು. ನಾನು ಪಕ್ಕದಲ್ಲೇ ಕಾಯುತ್ತ ನಿಂತಿದ್ದೆ.

“ಆ ಹುಡುಗಿ ಇದನ್ನ ನೋಡ್ಬೇಕಾಗಿತ್ತು ಕಣೆ” ಎಂದರು.

ಅತ್ತೆ ಹೋಗಿ ಬಹಳ ವರ್ಷವಾಯಿತು. ಎದುರು ಮನೆಯಾಕೆ ತೀರಿಕೊಂಡ ಸುದ್ದಿ ಮೊನ್ನೆ ಫೋನಿನಲ್ಲಿ ಬಂತು. ಮೊದಲು ಅನ್ನಿಸಿದ್ದು, ಅತ್ತೆ ಇದ್ದಿದ್ದರೆ ಎಷ್ಟು ಗೋಳಾಡುತ್ತಿದ್ದರು ಎಂದು. ನನಗೋಸ್ಕರ ಅಷ್ಟು ಅಳುತ್ತಿದ್ದರೇ ಎಂಬ ಯೋಚನೆ ಆಗಲೂ ಬಂತು, ಈ ವಯಸ್ಸಿನಲ್ಲೂ. ಕೊನೆಗೆ ಅವರ ಬದಲು ನಾನೇ ಕೂತು ಅಳಬೇಕಾಯಿತು.